ಹನ್ನೆರಡು ಬಾಲ್ಕನಿಗಳ ಕೆಮ್ಮು

ಕಂಬಂ ಕಣಿವೆಯಲ್ಲಿ ಒಂದು ಮಾತು ಗುಟ್ಟಾಗಿ ಉಳಿಯಬೇಕಾದರೆ, ಆ ಮಾತು ಯಾರಿಗೂ ಬೇಡವಾದದ್ದಾಗಿರಬೇಕು. ಇಲ್ಲವೇ ಅದು ಪಳನಿಸಾಮಿಗೆ ಗೊತ್ತಿರಬಾರದು.

ಪಳನಿಸಾಮಿ ಮೂರೆಕರೆ ಪನ್ನೀರ್ ದ್ರಾಕ್ಷಿ ಬೆಳೆಯುವ ಮನುಷ್ಯ. ವಯಸ್ಸು ಐವತ್ತಾರು. ಆ ವರ್ಷ ಹನಿ ನೀರಾವರಿ ಪೈಪಿನ ಕಂಪನಿಯೊಂದು ಅವನೂರಿನ ಹನ್ನೆರಡು ರೈತರನ್ನು ಆರಿಸಿ, ಗಂಡ ಹೆಂಡತಿ ಇಬ್ಬರಿಗೂ ಚೆನ್ನೈನಿಂದ ಹಡಗಿನಲ್ಲಿ ಮೂರು ದಿನದ ಸವಾರಿ ಎಂದು ಬಹುಮಾನ ಸಾರಿತು. ಹನ್ನೆರಡು ಮನೆಯವರೂ ಒಬ್ಬರಿಗೊಬ್ಬರು ನೆಂಟರೇ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ತಮಿಳುನಾಡಿಗೆ ಬಂದು ನೆಲೆನಿಂತವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು.

ಕಂಪನಿ ಕೊಟ್ಟದ್ದು ಕಿಟಕಿಯಿಲ್ಲದ ಒಳಕೋಣೆ. ಹನ್ನೊಂದು ಜನ ಅದಕ್ಕೇ ಹಿಗ್ಗಿ ಸುಮ್ಮನಿದ್ದರು. ಪಳನಿಸಾಮಿ ಮಾತ್ರ ಯಾರಿಗೂ ಹೇಳದೆ ಬಸ್ಸು ಹತ್ತಿ ತೇನಿಗೆ ಹೋಗಿ, ಕಂಪನಿಯ ಏಜೆಂಟು ಹರಿಹರನ್ ಮುಂದೆ ನಿಂತ.

"ಸಾರ್, ನಮಗೆ ಯಾರೂ ಇಲ್ಲದ ಎಡೆ ಬೇಕು."

ಹರಿಹರನ್ ಒಂದು ಚಿತ್ರ ತೆಗೆದು ತೋರಿಸಿದ. ಕೋಣೆಗೆ ಅಂಟಿಕೊಂಡು ಪುಟ್ಟ ಬಾಲ್ಕನಿ, ಎರಡು ಕುರ್ಚಿ, ಎದುರಿಗೆ ನೀಲಿ ಸಮುದ್ರ. "ಬಾಲ್ಕನಿ ರೂಮು. ಫುಲ್ ಪ್ರೈವೆಸಿ. ಮೀನು ಬಿಟ್ಟರೆ ಯಾರೂ ನೋಡೋಕಾಗಲ್ಲ."

ಈ ಆಸೆ ಪಳನಿಸಾಮಿಯದಲ್ಲ, ಅವನ ಹೆಂಡತಿ ಪೇಚ್ಚಿಯಮ್ಮಾಳ್‌ದು. ಅವರ ಮನೆಯಲ್ಲಿ ಹನ್ನೊಂದು ಜನ. ಪಳನಿಸಾಮಿಯ ತಾಯಿ ಪಿಚ್ಚೈಯಮ್ಮಾಳ್‌ಗೆ ಎಂಬತ್ತು ವರ್ಷವಾಗಿ ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಹೊಸದಾಗಿ ಹಾಕಿಸಿದ ಹಾಗಿತ್ತು. ಹನ್ನೊಂದು ತಿಂಗಳಿಂದ ಪೇಚ್ಚಿಯಮ್ಮಾಳ್ ಗಂಡನಿಗೆ ಒಂದು ವಿಷಯ ಹೇಳಬೇಕೆಂದು ಹೊರಡುವಳು. "ಇಲ್ ನೋಡಿ, ನಿಮಗೊಂದು ಮಾತು..." ಅನ್ನುವಷ್ಟರಲ್ಲಿ ಜಗಲಿಯಿಂದ ಮುದುಕಿಯ ದನಿ: "ಏನು ಮಾತು?" ತೋಟದಲ್ಲಿ ಹೇಳಹೊರಟರೆ ದ್ರಾಕ್ಷಿ ಬಳ್ಳಿ ಹಬ್ಬಿದ ಪಂದಲಿನ ಆಚೆ ಯಾರೋ ಕಳೆ ಕೀಳುತ್ತಿರುವರು. ಕೊನೆಗೆ ಅವಳು, "ಯಾರೂ ಇಲ್ಲದ ಎಡೆಗೆ ಕರ್ಕೊಂಡು ಹೋಗಿ. ಹೇಳ್ತೀನಿ" ಎಂದುಬಿಟ್ಟಿದ್ದಳು.

ಹೆಂಡತಿ ಹೇಳದೇ ಉಳಿಸಿಕೊಂಡ ಮಾತಿಗಿಂತ ದೊಡ್ಡ ಪೊಲೀಸು ಗಂಡಸಿಗೆ ಇನ್ನೊಬ್ಬನಿಲ್ಲ. ಆ ಹನ್ನೊಂದು ತಿಂಗಳಲ್ಲಿ ಪಳನಿಸಾಮಿ ಬೀಡಿ ಬಿಟ್ಟ. ಒದ್ದೆ ಟವೆಲನ್ನು ತಾನೇ ಹಗ್ಗದ ಮೇಲೆ ಹಾಕತೊಡಗಿದ. ಸಾರಿಗೆ ಉಪ್ಪಿಲ್ಲದ ದಿನ ಉಪ್ಪಿಲ್ಲ ಅನ್ನಲಿಲ್ಲ. ಆದರೂ ಮಾತು ಹೊರಬೀಳಲಿಲ್ಲ.

ಇಂಥಾ ಹೊತ್ತಿನಲ್ಲಿ ಬಾಲ್ಕನಿ ರೂಮು ಸಿಕ್ಕಿತು. ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಭಾವಮೈದುನ ಅಳಗರ್ ಪಕ್ಕದಲ್ಲಿ ಕೂತಿದ್ದ. ಅಳಗರ್ ಪೇಚ್ಚಿಯಮ್ಮಾಳ್‌ಗೆ ಸ್ವಂತ ಅಣ್ಣ. ಹಡಗಿನ ಬಹುಮಾನ ಅವನಿಗೂ ಬಂದಿತ್ತು.

"ನಿಮ್ಮದೆಲ್ಲಾ ಒಳಗಿನ ರೂಮು ಮಚ್ಚಾ," ಎಂದ ಪಳನಿಸಾಮಿ, ಟೀ ಲೋಟ ತಿರುಗಿಸುತ್ತಾ. "ಈರುಳ್ಳಿ ಗೋಡೌನು ಇದ್ದಂಗೆ."

"ನಿಂದು?"

"ನಮ್ಮದು ಬಾಲ್ಕನಿ. ಪ್ರೈವೆಸಿ."

"ಅಂದ್ರೆ ಏನು?"

ಪಳನಿಸಾಮಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಿವರಿಸುವಾಗ ಮನುಷ್ಯನಿಗೆ ಬರುವ ಗಾಂಭೀರ್ಯ ಅವನಿಗೂ ಬಂತು. "ಅಂದ್ರೆ... ದೊಡ್ಡೋರಿಗೆ ಕೊಡೋದು."

ಮರುದಿನ ಹನ್ನೊಂದು ಜನ ಒಟ್ಟಿಗೆ ತೇನಿ ಬಸ್ಸು ಹತ್ತಿದರು. ಹರಿಹರನ್ ಒಳ್ಳೆಯವನು, ಯಾರಿಗೂ ಇಲ್ಲ ಅನ್ನಲಿಲ್ಲ. ಅಷ್ಟಕ್ಕೇ ನಿಲ್ಲದೆ, ಒಂದೂರಿನವರು ಸಮುದ್ರದಲ್ಲಿ ಚದುರಿಹೋಗಬಾರದೆಂದು ಹನ್ನೆರಡು ರೂಮನ್ನೂ ಸಾಲಾಗಿ, ಒಂದರ ಪಕ್ಕ ಒಂದು, ಹಾಕಿಸಿಕೊಟ್ಟ.

ಮುಂದಿನ ಕಥೆ ತಿಳಿಯಬೇಕಾದರೆ ನಮ್ಮ ಕಡೆಯ ಕೆಮ್ಮಿನ ವಿಷಯ ಸ್ವಲ್ಪ ಹೇಳಬೇಕು. ಊರ ಪಕ್ಕದಲ್ಲಿ ಕಾಲುವೆ, ಕಾಲುವೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ, ಮೀಯುತ್ತಾರೆ. ಆ ದಾರಿಯಲ್ಲಿ ಬರುವ ಗಂಡಸು ತೆಂಗಿನ ಮರದ ಹತ್ತಿರವೇ ನಿಂತು ಕೆಮ್ಮಬೇಕು. ಅತ್ತಲಿಂದ "ಬರಬೌದು" ಅನ್ನುವ ದನಿ ಬಂದರೆ ಮುಂದೆ ಹೆಜ್ಜೆ. ಯಾರದೇ ಹಿತ್ತಿಲಿಗೆ ಕಾಲಿಟ್ಟರೂ ಹಾಗೆಯೇ. ಇನ್ನೊಬ್ಬ ಗಂಡಸು ಆ ಕೆಮ್ಮು ಕೇಳಿಸಿಕೊಂಡರೆ ತಾನೂ ಒಂದು ಕೆಮ್ಮಿ, ನಾನಿಲ್ಲಿದ್ದೀನಿ ಎಂದು ತಿಳಿಸಬೇಕು. ಹೆಣ್ಣು ಕೇಳಲು ಬಂದ ವರ ಕೆಮ್ಮದೆ ಅಂಗಳಕ್ಕೆ ಬಂದನೆಂದು ಸಂಬಂಧ ಮುರಿದದ್ದುಂಟು. ಗೋಡೆ ಬಾಗಿಲು ಸರಿಯಾಗಿಲ್ಲದ ಕಾಲದಲ್ಲಿ ಹಿರಿಯರು ಕೆಮ್ಮಿನಿಂದಲೇ ಗೋಡೆ ಕಟ್ಟಿಕೊಂಡಿದ್ದರು.

ಹಡಗು ಚೆನ್ನೈ ಬಿಟ್ಟಿತು. ಪಳನಿಸಾಮಿ ಹೆಂಡತಿಯನ್ನು ಹಾಸಿಗೆಯ ಮೇಲೆ ಕೂರಿಸಿ, "ಮೊದಲು ನಾನು ನೋಡಿಬತ್ತೀನಿ" ಎಂದು ಗಾಜಿನ ಬಾಗಿಲ ಹತ್ತಿರ ಹೋದ. ಆಚೆ ಪಕ್ಕದ ಬಾಲ್ಕನಿಯಲ್ಲಿ ಹೆಂಗಸರಿದ್ದರೆ? ವಾಡಿಕೆಯಂತೆ ಬಾಗಿಲು ಅರ್ಧ ತೆರೆದು ಕೆಮ್ಮಿದ.

ಎಡಗಡೆಯಿಂದ ಅಳಗರ್ ಕೆಮ್ಮಿದ. ಅದರಾಚೆಯವನು ಅಳಗರ್‌ಗೆ ಕೆಮ್ಮಿದ. ಬಲಗಡೆಯೂ ಹಾಗೇ ಆಯಿತು. ಕೆಮ್ಮು ಹಡಗಿನ ಪಕ್ಕೆಗುಂಟ ಆ ತುದಿಗೆ ಹೋಗಿ ಮುಟ್ಟಿತು.

ಹೊರಗೆ ಬಂದು ನೋಡಿದರೆ, ಎರಡು ಬಾಲ್ಕನಿಗಳ ನಡುವೆ ಒಂದು ಬಿಳಿ ತಟ್ಟಿ. ತಟ್ಟಿಯ ಕೆಳಗೆ ಒಂದು ಗೇಣು ಸಂದು. ಆ ಸಂದಿನಲ್ಲಿ ಅಳಗರ್‌ನ ಎರಡು ಪಾದ. ತಲೆಯೆತ್ತಿದರೆ ಮೇಲಿನ ಅಂತಸ್ತಿನ ಕಟಕಟೆಗೆ ಒರಗಿಕೊಂಡು ಕಪ್ಪು ಕನ್ನಡಕದ ಹೆಂಗಸೊಬ್ಬಳು ಕೆಳಗೆ ನೋಡುತ್ತಾ ಜ್ಯೂಸು ಕುಡಿಯುತ್ತಿದ್ದಳು.

"ಮಚ್ಚಾ," ಎಂದವು ಪಾದಗಳು, "ಇದೇನಾ ನಿನ್ನ ಪ್ರೈವೆಸಿ? ಚೆನ್ನಾಗೈತೆ. ನಮ್ಮ ಜಗಲಿ ತಿಣ್ಣೆ ಇದ್ದಂಗೇ ಐತೆ."

ಸಂದಿನಲ್ಲಿ ಬಳೆಯ ಕೈಯೊಂದು ಬಂತು. ಅದು ಅಳಗರ್‌ನ ಹೆಂಡತಿ ರಾಜಮ್ಮಾಳ್‌ದು. "ಅಣ್ಣಾ, ಪೇಚ್ಚಿ ನಾರತ್ತಂಗಾಯಿ ಉಪ್ಪಿನಕಾಯಿ ತಂದವಳಾ? ಇಲ್ಲಿಯ ಅನ್ನ ಬಾಯಿಗಿಡಕ್ಕಾಗಲ್ಲ."

ಪೇಚ್ಚಿಯಮ್ಮಾಳ್ ಒಳಗಿನಿಂದ ಇದೆಲ್ಲಾ ಕೇಳಿಸಿಕೊಂಡು ಡಬ್ಬಿ ತೆಗೆದುಕೊಟ್ಟಳು. ಗಂಡನನ್ನು ಒಂದು ಸಲ ನೋಡಿದಳು. "ಯಾರೂ ಇಲ್ಲದ ಎಡೆ," ಎಂದಳು.

ಸಂಜೆಯ ಹೊತ್ತಿಗೆ ರಾಜಮ್ಮಾಳ್ ಒಂದು ಸಂಶೋಧನೆ ಮಾಡಿದ್ದಳು. ತಟ್ಟಿಗೆ ಚಿಲಕವಿತ್ತು! ಒಂದೇ ಕುಟುಂಬದವರು ಪಕ್ಕಪಕ್ಕದ ರೂಮಿನಲ್ಲಿದ್ದರೆ ರೂಮು ನೋಡಿಕೊಳ್ಳುವ ಹುಡುಗ ಬೀಗ ತೆಗೆದು ತಟ್ಟಿಯನ್ನು ಮಡಚಿಕೊಡುತ್ತಿದ್ದ. ನೀವೆಲ್ಲಾ ಒಂದೇ ಕುಟುಂಬವಾ ಎಂದು ಅವನು ಕೇಳಿದ. ರಾಜಮ್ಮಾಳ್ ಅವನಿಗೆ ಯಾರು ಯಾರಿಗೆ ಏನಾಗಬೇಕೆಂದು ಹೇಳತೊಡಗಿದಳು. ಐದನೇ ಮನೆಗೆ ಬರುವಷ್ಟರಲ್ಲಿ ಅವನು ಬೀಗದ ಕೈ ತರಲು ಓಡಿದ್ದ.

ಹನ್ನೊಂದು ತಟ್ಟಿಗಳಲ್ಲಿ ಒಂಬತ್ತು ತೆರೆದವು. ಪಳನಿಸಾಮಿಯ ಎರಡು ಪಕ್ಕದವು ಉಳಿದವು.

"ಯಾಕೆ ಮಚ್ಚಾ, ಒಳಗೆ ಏನು ಬಚ್ಚಿಟ್ಟಿದೀಯ?" ಅಳಗರ್ ತಟ್ಟಿ ಬಡಿದ.

"ಬಿಡ್ರೀ, ಹೊಸ ಮದುಮಗ ಅಣ್ಣ," ಎಂದಳು ರಾಜಮ್ಮಾಳ್. ಹತ್ತು ಬಾಲ್ಕನಿ ನಕ್ಕಿತು. ಪಳನಿಸಾಮಿ ಕಿವಿ ಕೆಂಪಗೆ ಮಾಡಿಕೊಂಡು ತಾನೇ ಎರಡೂ ತಟ್ಟಿ ತೆಗೆಸಿದ.

ಈಗ ಹಡಗಿನ ಪಕ್ಕೆಯಲ್ಲಿ ಒಂದು ಬೀದಿಯೇ ಆಯಿತು. ಹೆಂಗಸರು ಸಾಲಾಗಿ ಕಾಲು ಚಾಚಿ ಕೂತು ಹೂವು ಕಟ್ಟಿದರು. ಊರಿಂದ ತಂದ ಚಕ್ಕುಲಿ ಕೈಯಿಂದ ಕೈಗೆ ದಾಟಿತು. ಒಬ್ಬ ಗಂಡಸು ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಹನ್ನೊಂದು ಮನೆಯ ಅಂಗಳ ದಾಟಬೇಕು. ಮರ್ಯಾದಸ್ಥರು, ಪ್ರತಿಯೊಂದು ಅಂಗಳಕ್ಕೂ ಒಂದೊಂದು ಕೆಮ್ಮು. ಹೋಗುವಾಗ ಹನ್ನೊಂದು, ಬರುವಾಗ ಹನ್ನೊಂದು. ಮರುದಿನ ಬೆಳಿಗ್ಗೆ ಹನ್ನೆರಡು ಗಂಡಸರೂ ಒಟ್ಟಿಗೆ ಎದ್ದು ಕಾಫಿಗೆಂದು ಓಡಾಡತೊಡಗಿದಾಗ ಸಮುದ್ರದ ಸದ್ದು ಕೇಳದೆ ಹೋಯಿತು.

ಮೇಲಿನ ಕಪ್ಪು ಕನ್ನಡಕದ ಹೆಂಗಸು ಕೆಳಗೆ ಬಗ್ಗಿ ನೋಡಿದಳು. ಮೂಗಿಗೆ ಕರವಸ್ತ್ರ ಹಿಡಿದಳು. ಆಮೇಲೆ ಫೋನು ಎತ್ತಿದಳು.

ಒಂಬತ್ತು ಗಂಟೆಗೆ ಪಳನಿಸಾಮಿಯ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಬಿಳಿ ಕೋಟಿನ ಡಾಕ್ಟರು, ಮುಖಕ್ಕೆ ಮಾಸ್ಕು. ಭಾರತದವನಲ್ಲ. ಜೊತೆಗೆ ನರ್ಸು ತೇನ್‌ಮೊಳಿ, ವೇದಸಂದೂರಿನ ಹುಡುಗಿ. ಅವಳ ಮನೆಯಲ್ಲೂ ಹಿರಿಯರು ಕನ್ನಡವೇ ಆಡುವರು. ಅವಳಿಗೆ ಅರ್ಥವಾಗುತ್ತಿತ್ತು, ಆಡಲು ನಾಲಗೆ ಹೊರಳುತ್ತಿರಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವಳು ತಮಿಳಿನಲ್ಲಿ ಕೇಳಿದಳು.

"ಎಷ್ಟು ದಿನದಿಂದ ಕೆಮ್ಮು?"

"ಮೀಸೆ ಬಂದಾಗಿಂದ," ಎಂದ ಪಳನಿಸಾಮಿ, ಪ್ರಾಮಾಣಿಕವಾಗಿ.

ಡಾಕ್ಟರು ಬರೆದುಕೊಂಡ. "ದಿನಕ್ಕೆ ಎಷ್ಟು ಸಲ?"

"ಅದು ಎದುರಿಗೆ ಎಷ್ಟು ಜನ ಹೆಂಗಸರು ಸಿಗ್ತಾರೆ ಅನ್ನೋದರ ಮೇಲೆ."

ತೇನ್‌ಮೊಳಿ ಸ್ವಲ್ಪ ತಡೆದಳು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರು ಪೆನ್ನು ಎತ್ತಿ ಪಳನಿಸಾಮಿಯನ್ನು ನೋಡಿದ.

"ಮನೆಯಲ್ಲಿ ಬೇರೆಯವರಿಗೂ ಉಂಟಾ?"

"ಅಪ್ಪನಿಗಿತ್ತು. ತಾತನ ಕೆಮ್ಮು ಉತ್ತಮಪಾಳಯದ ತನಕ ಕೇಳಿಸ್ತಿತ್ತು ಅಂತಾರೆ."

"ಯಾವ ಔಷಧ ತಗೊಂಡ್ರು?"

"ಔಷಧ ಯಾಕೆ? ಕೆಮ್ಮದೋನನ್ನೇ ನಮ್ಮ ಕಡೆ ಸರಿಯಿಲ್ಲ ಅಂತೀವಿ."

ಅಷ್ಟರಲ್ಲಿ ವಿಷಯವೇನೆಂದು ವಿಚಾರಿಸಲು ಅಳಗರ್ ಬಾಲ್ಕನಿಯ ಕಡೆಯಿಂದ ಬಂದ. ಕೋಣೆಯಲ್ಲಿ ತೇನ್‌ಮೊಳಿ ಎಂಬ ಹೆಣ್ಣುಮಗಳು ಇರುವುದನ್ನು ಕಂಡು, ಹೊಸಿಲಲ್ಲೇ ನಿಂತು, ಹಳೆಯ ಪಂಪುಸೆಟ್ಟು ಹತ್ತಿದ ಹಾಗೆ ಒಂದು ಕೆಮ್ಮು ಕೆಮ್ಮಿದ. ಹಿಂದಿನಿಂದ ಹತ್ತು ಕೆಮ್ಮು ಅದಕ್ಕೆ ಓಗೊಟ್ಟವು.

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದ. ಹೋದ ಕೆಲವು ವರ್ಷಗಳಲ್ಲಿ ಲೋಕ ಕಂಡದ್ದನ್ನೆಲ್ಲಾ ಅವನೂ ಕಂಡಿದ್ದ. ಯಾರಿಗೂ ಜ್ವರವಿಲ್ಲ, ನಾಡಿ ಸರಿಯಿದೆ, ಆದರೆ ಮೂರು ತಲೆಮಾರಿನ ಕೆಮ್ಮು. ಹನ್ನೆರಡು ರೂಮಿಗೂ ಇಪ್ಪತ್ತನಾಲ್ಕು ಗಂಟೆ ಪ್ರತ್ಯೇಕವಾಸ. ತಟ್ಟಿಗಳೆಲ್ಲಾ ಮುಚ್ಚಬೇಕು, ಊಟ ಬಾಗಿಲಿಗೆ ಬರುತ್ತದೆ. ಒಂದು ರೂಮಿನವರು ಇನ್ನೊಂದಕ್ಕೆ ಹೋಗುವ ಹಾಗಿಲ್ಲ.

ಡಾಕ್ಟರು ಹೋದ ಮೇಲೆ ಪೇಚ್ಚಿಯಮ್ಮಾಳ್ ತೇನ್‌ಮೊಳಿಯ ಕೈ ಹಿಡಿದು ಕಾಲುವೆ ಮೆಟ್ಟಿಲ ವಿಷಯ ಹೇಳಿದಳು. ಹುಡುಗಿಯ ಮಾಸ್ಕು ನಗುವಿಗೆ ಉಬ್ಬಿ ಉಬ್ಬಿ ಇಳಿಯಿತು.

"ಅಯ್ಯೋ ಅಕ್ಕಾ, ನಮ್ಮ ತಾತ್ತಾನೂ ಹಿತ್ತಿಲಲ್ಲಿ ಹಿಂಗೇ ಕೆಮ್ಮೋರು. ಡಾಕ್ಟರಿಗೆ ಈಗಲೇ ಹೇಳಿಬಿಡ್ತೀನಿ," ಎಂದಳು ತಮಿಳಿನಲ್ಲಿ.

"ಹೇಳಿದ್ರೆ?"

"ತಟ್ಟಿ ತೆಗೀತಾರೆ. ಎಲ್ಲರೂ ಬರಬಹುದು, ಹೋಗಬಹುದು."

"ಹೇಳದಿದ್ರೆ?"

"ನಾಳೆ ಒಂಬತ್ತು ಗಂಟೆ ತನಕ ಯಾರೂ ಬರೋಹಂಗಿಲ್ಲ."

ಪೇಚ್ಚಿಯಮ್ಮಾಳ್ ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು. "ನಾಳೆ ಒಂಬತ್ತಕ್ಕೆ ಹೇಳು ಕಣಮ್ಮಾ," ಎಂದಳು.

ತಟ್ಟಿಗಳು ಒಂದೊಂದಾಗಿ ಮುಚ್ಚಿಕೊಂಡವು. ಹುಡುಗ ಬೀಗ ಹಾಕುತ್ತಾ ಹೋದ. ಮಧ್ಯಾಹ್ನದ ಊಟ ಬಂತು, ತಟ್ಟೆ ಹೊರಗಿಟ್ಟದ್ದಾಯಿತು. ಪಳನಿಸಾಮಿ ಎರಡು ಕುರ್ಚಿಯನ್ನೂ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಪೇಚ್ಚಿಯಮ್ಮಾಳ್ ಬಂದು ಅವನ ಪಕ್ಕದಲ್ಲಿ ಕೂತಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಫೋಟೋ ತೆಗೆಸಲು ಬಿಟ್ಟರೆ ಅವರು ಹಾಗೆ ಪಕ್ಕಪಕ್ಕ ಕೂತದ್ದಿಲ್ಲ.

"ಇಲ್ ನೋಡಿ. ನಿಮಗೊಂದು ಮಾತು."

ಯಾರೂ ಏನು ಮಾತು ಅನ್ನಲಿಲ್ಲ. ಪಳನಿಸಾಮಿಯೇ ಅನ್ನಬೇಕಾಯಿತು. "ಏನು ಮಾತು?"

"ನಾನು ಗಾಡಿ ಓಡಿಸೋದು ಕಲಿತಿದೀನಿ."

"ಯಾವ ಗಾಡಿ? ಎತ್ತಿನ ಗಾಡಿನಾ?"

"ಸ್ಕೂಟರು. ಸೊಸೆದು. ಅಮುದಾನೇ ಕಲಿಸಿದಳು, ದ್ರಾಕ್ಷಿ ಪಂದಲಿನ ಹಿಂದೆ. ಕಲಿಯೋರ ಲೈಸೆನ್ಸೂ ಆಯ್ತು. ಬರೋ ಬುಧವಾರ ಉತ್ತಮಪಾಳಯದಲ್ಲಿ ಟೆಸ್ಟು. ಎಂಟು ಹಾಕಬೇಕು."

ಎಂಟು ಹಾಕುವುದೆಂದರೆ, ನೆಲದಲ್ಲಿ ಸುಣ್ಣದ ಪುಡಿಯಿಂದ ಎಂಟರ ಅಂಕಿ ಬರೆದಿರುತ್ತಾರೆ. ಅದರ ಮೇಲೆ ಕಾಲೂರದೆ ಗಾಡಿ ತಿರುಗಿಸಬೇಕು. ಪಳನಿಸಾಮಿ ಬಿಟ್ಟ ಉಸಿರು ಹನ್ನೊಂದು ತಿಂಗಳಷ್ಟು ಉದ್ದವಿತ್ತು. "ಇಷ್ಟೇನಾ! ಹಾಕು, ಎಂಟಲ್ಲ, ಒಂಬತ್ತು ಹಾಕು. ಇದನ್ನು ಹೇಳೋಕೆ ಸಮುದ್ರಕ್ಕೆ ಬರಬೇಕಿತ್ತಾ?"

"ಇನ್ನೂ ಮುಗಿದಿಲ್ಲ. ನೀವೂ ಬರಬೇಕು. ಪಾಸಾದ ಮೇಲೆ ನನ್ನ ಹಿಂದೆ ಕುಂತು ಮನೆಗೆ ಬರಬೇಕು."

ಈಗ ಪಳನಿಸಾಮಿಯ ಒಂದು ಹಳೆಯ ಗಾಯವನ್ನು ಹೇಳದೆ ವಿಧಿಯಿಲ್ಲ. ಅವನಿಗೆ ಎರಡು ಚಕ್ರದ ಗಾಡಿ ಬರುತ್ತಿರಲಿಲ್ಲ. ಮದುವೆಯಾದ ವರ್ಷ ಮೊಪೆಡ್ ಕಲಿಯುವಾಗ ಕಾಲುವೆ ಮೆಟ್ಟಿಲ ಹತ್ತಿರ ಬಂದು, ಕೆಮ್ಮಲೆಂದು ಬಾಯಿಗೆ ಕೈ ಹಿಡಿದು, ಹೆಂಗಸರ ನಡುವೆಯೇ ನೀರಿಗೆ ಬಿದ್ದಿದ್ದ. ಅಂದಿನಿಂದ ಟೌನ್ ಬಸ್ಸು, ಇಲ್ಲವೇ ಯಾರಾದರೂ ಗಂಡಸಿನ ಹಿಂದೆ.

"ನಿನ್ನ ಹಿಂದೆನಾ?" ಎಂದ. "ಊರೋರು ಏನಂತಾರೆ? ಅಮ್ಮ ಏನಂತಾಳೆ?"

"ಅದಕ್ಕೇ ಯಾರೂ ಇಲ್ಲದ ಎಡೆ ಕೇಳಿದ್ದು. ಎಲ್ಲರ ಮುಂದೆ ಕೇಳಿದ್ದರೆ ನೀವು ಅವರ ಮುಖ ನೋಡಿ ಉತ್ತರ ಹೇಳ್ತಿದ್ರಿ. ದ್ರಾಕ್ಷಿ ಗೊಂಚಲು ಕಟ್ಟೋವಾಗ ದಿನಾ ನಾಲ್ಕು ಸಲ ತೋಟಕ್ಕೆ ನಡೀತೀನಿ. ಮಂಡಿ ಕೇಳಲ್ಲ. ಗಾಡಿ ಬೇಕು. ಒಂಟಿಯಾಗಿ ಹೋದ್ರೆ ಊರು ನನ್ನನ್ನ ಆಡ್ಕೊಳ್ಳುತ್ತೆ. ಒಂದು ಸಲ ನೀವು ಹಿಂದೆ ಕುಂತರೆ ಬಾಯಿ ಮುಚ್ಚುತ್ತೆ."

ಪಳನಿಸಾಮಿ ಕಟಕಟೆ ಹಿಡಿದುಕೊಂಡ. "ಶರಿ... ಕಾಲುವೆ ಏರಿ ಮೇಲೆ ಬರೋಣ. ನಾನು ಮುಖಕ್ಕೆ ಟವೆಲು ಸುತ್ಕೋತೀನಿ."

"ಬಜಾರಿನ ಮೇಲೆ."

"ಏರಿ ಮೇಲೆ."

ಆಗ ಅವನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಅಕ್ಕಪಕ್ಕ ಹನ್ನೊಂದು ಬಾಲ್ಕನಿ. ಇಪ್ಪತ್ತೆರಡು ಜನ. ಒಬ್ಬರೂ ಉಸಿರಾಡುತ್ತಿರಲಿಲ್ಲ.

"ಮಚ್ಚಾ," ಎಂದಿತು ತಟ್ಟಿ, ಬಹಳ ಮೆಲ್ಲಗೆ. "ಬಜಾರ್ ದಾರಿನೇ ಒಳ್ಳೇದು. ಏರಿ ಮೇಲೆ ಗುಂಡಿ ಐತೆ."

ಬಲಗಡೆಯ ತಟ್ಟಿ ಹೇಳಿತು: "ನಮ್ಮ ಹೊಸ ಪೈಪು ಹೂತ ಗುಂಡಿ. ಇನ್ನೂ ಮುಚ್ಚಿಲ್ಲ, ಮಾವಾ."

ರಾಜಮ್ಮಾಳ್‌ಗೆ ತಡೆಯಲಾಗಲಿಲ್ಲ. "ಪೇಚ್ಚೀ, ಎಂಟು ಹಾಕೋವಾಗ ಚಕ್ರ ನೋಡಬೇಡ. ಕಣ್ಣು ಮುಂದಿನ ತಿರುವಿನ ಮೇಲಿರಲಿ. ಬ್ರೇಕು ಬರೀ ಮುಟ್ಟು, ಹಿಡೀಬೇಡ."

"ನಿನಗೆ ಹೆಂಗೆ ಗೊತ್ತು?" ಎಂದಿತು ಅಳಗರ್‌ನ ದನಿ.

ತಟ್ಟಿಯಾಚೆ ಕುರ್ಚಿ ಕಿರುಗುಟ್ಟಿತು.

"ನಿಮಗೂ ಒಂದು ಮಾತು ಹೇಳಬೇಕಿತ್ತು," ಎಂದಳು ರಾಜಮ್ಮಾಳ್.

"ನೀನೂನಾ? ಎಲ್ಲಿ ಕಲಿತೆ?"

"ಅದೇ ಪಂದಲಿನ ಹಿಂದೆ. ಪೇಚ್ಚಿ ಆದ ಮೇಲೆ ನಾನು. ನನ್ನ ಟೆಸ್ಟು ಮುಂದಿನ ತಿಂಗಳು."

ಆಮೇಲೆ ನಾಲ್ಕನೆಯ ಬಾಲ್ಕನಿಯಲ್ಲೂ ಏಳನೆಯದರಲ್ಲೂ ತಗ್ಗಿದ ದನಿಯ ಮಾತುಕತೆ ಶುರುವಾಯಿತು. ಏಳನೆಯದರಲ್ಲಿ ಒಬ್ಬ ಗಂಡಸು, "ಕಾರಾ?" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು.

ಪೇಚ್ಚಿಯಮ್ಮಾಳ್ ಕುರ್ಚಿಯಿಂದೆದ್ದಳು. ಗುಟ್ಟು ಹೀಗೆ ಬಯಲಾದದ್ದಕ್ಕೆ ಅವಳು ಅಳುತ್ತಾಳೇನೋ ಎಂದು ಪಳನಿಸಾಮಿ ಹೆದರಿದ. ಅವಳು ಸೆರಗು ಸಿಕ್ಕಿಸಿಕೊಂಡು ದನಿಯೆತ್ತಿದಳು. "ಎಲ್ಲಾರಿಗೂ ಕೇಳಿಸ್ತಾ?"

"ಕೇಳಿಸ್ತು ತಾಯಿ," ಎಂದವು ಹನ್ನೊಂದು ತಟ್ಟಿ.

"ಒಳ್ಳೇದೇ ಆಯ್ತು. ಇವರು ಒಬ್ಬರೇ ಇದ್ದಾಗ ಒಪ್ಪಿದ್ರೆ ಊರಿಗೆ ಹೋಗಿ ಮರೆತುಬಿಡ್ತಿದ್ರು."

"ನಾನಿನ್ನೂ ಒಪ್ಪಿಲ್ಲ," ಎಂದ ಪಳನಿಸಾಮಿ.

"ಒಪ್ಪಿ ಮತ್ತೆ."

ಅವನು ಸಮುದ್ರ ನೋಡಿದ. ಹೋಗಲು ಬೇರೆ ಕಡೆಯಿರಲಿಲ್ಲ. "ಶರಿ. ಬಜಾರಿನ ಮೇಲೆ," ಎಂದ.

ಹನ್ನೆರಡನೆಯ ಬಾಲ್ಕನಿಯಿಂದ, ದೂರದಿಂದ, "ಏನಂದ? ಇಲ್ಲಿಗೆ ಕೇಳಿಸ್ಲಿಲ್ಲ!"

"ಶರಿ ಅಂದೆ! ಶರಿ! ಶರಿ!" ಎಂದು ಪಳನಿಸಾಮಿ ಕೂಗಿದ. ಕಪ್ಪು ಕನ್ನಡಕದ ಹೆಂಗಸು ಜ್ಯೂಸಿನೊಂದಿಗೆ ಒಳಗೆ ಓಡಿದಳು.

ಬುಧವಾರ ಉತ್ತಮಪಾಳಯದ ಟೆಸ್ಟು ಮೈದಾನದಲ್ಲಿ ಅಳಗರ್ ಸಮೇತ ಹತ್ತು ಹದಿನೈದು ಜನ ಬೇಲಿಗೆ ಒರಗಿ ನಿಂತಿದ್ದರು. ಇನ್‌ಸ್ಪೆಕ್ಟರು ಕಾಗದ ನೋಡಿ, ಪಳನಿಸಾಮಿಯನ್ನು ನೋಡಿ, "ನೀವು ಯಾಕೆ ಬಂದಿದ್ದೀರಿ?" ಎಂದರು.

"ಹಿಂದೆ ಕೂರೋಕೆ, ಸಾರ್."

ಪೇಚ್ಚಿಯಮ್ಮಾಳ್ ಮೊದಲ ತಿರುವಿನಲ್ಲಿ ಸ್ವಲ್ಪ ವಾಲಿದಳು. ಬೇಲಿಯ ಬಳಿಯ ಅಷ್ಟೂ ಜನ ತಾವೇ ಇನ್ನೊಂದು ಕಡೆಗೆ ವಾಲಿದರು. ಕಾಲು ನೆಲ ಮುಟ್ಟಲಿಲ್ಲ. ಎರಡನೆಯ ತಿರುವು ಅಗಲವಾಗಿ, ನಿಧಾನವಾಗಿ, ಗದ್ದೆಗೆ ನೀರು ತಿರುಗಿಸಿದ ಹಾಗೆ ಬಂತು. ಇನ್‌ಸ್ಪೆಕ್ಟರು ಸಹಿ ಹಾಕಿದರು.

ಪಳನಿಸಾಮಿ ಹೆಲ್ಮೆಟ್ಟು ಹಾಕಿಕೊಂಡು ಹತ್ತಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡು ಮಂಡಿಯ ಮೇಲೂ ಒಂದೊಂದು ಇಟ್ಟುಕೊಂಡ. ಬಾಳೆ ತೋಟ ದಾಟಿತು, ಗದ್ದೆ ದಾಟಿತು, ಊರ ಬಜಾರು ಬಂತು. ಟೀ ಅಂಗಡಿಯವನು ಹಾಲು ಎತ್ತರದಿಂದ ಸುರಿಯುತ್ತಿದ್ದವನು ಹಾಗೇ ನಿಂತ. "ಅಣ್ಣೋ, ಗಟ್ಟಿಯಾಗಿ ಹಿಡ್ಕೋ!" ಎಂದು ಯಾರೋ ಕೂಗಿದರು. ಪಳನಿಸಾಮಿ ನಿಜಕ್ಕೂ ಹಿಡಿದುಕೊಂಡ, ತಿರುವಿತ್ತು.

ಮನೆ ಮುಂದೆ ಗಾಡಿ ನಿಂತಾಗ ಪಿಚ್ಚೈಯಮ್ಮಾಳ್ ಜಗಲಿಯಲ್ಲಿದ್ದಳು. ಸದ್ದು ಕೇಳಿ ಕಂಬ ಹಿಡಿದು ಇಳಿದು ಬಂದಳು. ಗಾಡಿಯ ದೀಪ ಮುಟ್ಟಿದಳು, ಸೊಸೆಯ ಕೈ ಮುಟ್ಟಿದಳು, ಹಿಂದೆ ಕೂತವನ ಮಂಡಿ ಮುಟ್ಟಿದಳು.

"ಇದು ಯಾರು?"

"ನಾನಮ್ಮಾ."

"ಇಳಿ."

ಪಳನಿಸಾಮಿ ಇಳಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

"ಆ ಚೆಂಬು ಇತ್ತ ಕೊಡು," ಎಂದು ಅವನ ತಲೆಯಿಂದ ಹೆಲ್ಮೆಟ್ಟು ಕಿತ್ತು ಮುದುಕಿ ತನ್ನ ತಲೆಗೆ ಕವುಚಿಕೊಂಡಳು. ಸೀರೆ ಒತ್ತಿ ಒಂದು ಪಕ್ಕಕ್ಕೆ ಕೂತು ಸೊಸೆಯ ಭುಜದ ಮೇಲೆ ಕೈಯಿಟ್ಟಳು.

"ಎಲ್ಲಿಗೆ ಅತ್ತೆ?"

"ಕೂಡಲೂರಿಗೆ, ನನ್ನ ತಂಗಿ ಮನೆಗೆ. ಮೂರು ವರ್ಷದಿಂದ ಕೇಳ್ತಾ ಇದೀನಿ, ಇವನು ನಾಳೆ ನಾಳೆ ಅಂತಾನೆ." ಮುದುಕಿ ಸೊಸೆಯ ಕಿವಿಯ ಹತ್ತಿರ ಬಗ್ಗಿದಳು. "ವಸಿ ನಿಧಾನಕ್ಕೆ ಬಿಡು. ದಾರೀಲಿ ನಿಂಗೊಂದು ಮಾತು ಹೇಳಬೇಕು. ಮನೇಲಿ ಹೇಳೋ ಮಾತಲ್ಲ."

"ಏನು ಮಾತು?" ಎಂದ ಪಳನಿಸಾಮಿ.

ಗಾಡಿ ಆಗಲೇ ಬೀದಿ ತಿರುಗಿತ್ತು.